ಹದಿನಾರರಲ್ಲಿ ಮುಗಿದ ಕೇಸು ಇಪ್ಪತ್ನಾಲ್ಕಕ್ಕೆ ಎದ್ದು ಬಂತು: ನಮ್ಮ ಹುಡುಗನ ದಾಖಲೆ ತೆಗೆಸಿದ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಹುಡುಗನ ಹೆಸರು, ಊರು, ಯಾವ ಠಾಣೆ, ಯಾರ ತೋಟ, ಯಾವ ಕಂಪನಿ ಒಂದೂ ಇಲ್ಲಿ ಬರೆಯಲ್ಲ. ನನ್ನ ಅಕ್ಕನ ಮಗ, ಸೋಮವಾರಪೇಟೆ ಕಡೆಯವನು, ಅಷ್ಟು ಸಾಕು. ಬರೆಯೋಕೆ ಮುಂಚೆ ಅವನನ್ನ ಕೇಳ್ದೆ, "ಬರೀರಿ ಮಾವ, ನಮ್ಮಂಗೆ ಒದ್ದಾಡ್ತಿರೋರು ಇನ್ನೂ ಇರ್ತಾರೆ" ಅಂದ, ಅದಕ್ಕೆ ಬರೀತಿದೀನಿ.

2017ರ ಮಾರ್ಚ್, ಒಳ್ಳೆಮೆಣಸು ಕೊಯ್ಲಿನ ಟೈಮು. ಕೊಡಗಲ್ಲಿ ಆ ಟೈಮಲ್ಲಿ ಕಣದಲ್ಲಿ ಒಣಗ್ತಿರೋ ಮೆಣಸು, ಕಾಫಿ ಕದಿಯೋದು ಪ್ರತಿ ವರ್ಷ ಇದ್ದಿದ್ದೇ, ತೋಟದವ್ರೆಲ್ಲ ರಾತ್ರಿ ಕಾವಲು ಹಾಕ್ತಾರೆ. ಒಬ್ಬ ಪಿಕಪ್ ಡ್ರೈವರ್, ಮೂವತ್ತರ ಆಸುಪಾಸಿನವನು, ನಮ್ಮ ಹುಡುಗನ್ನ ಮತ್ತೆ ಅವನ ಫ್ರೆಂಡನ್ನ ಚೀಲ ಎತ್ತಿ ಹಾಕೋಕೆ ಅಂತ ಕರ್ಕೊಂಡು ಹೋಗಿದ್ದ, ಇವರಿಗೆ ಅದು ಕದ್ದ ಮಾಲು ಅಂತ ಗೊತ್ತಿರಲಿಲ್ಲ ಅಂತ ನಾನು ಹೇಳಲ್ಲ, ರಾತ್ರಿ ಹನ್ನೊಂದು ಗಂಟೆಗೆ ಇನ್ನೊಬ್ರ ಕಣದಿಂದ ಚೀಲ ಎತ್ತಿದ್ರೆ ಏನಂತ ಯಾರಿಗಾದ್ರೂ ಗೊತ್ತಾಗುತ್ತೆ. ತಪ್ಪು ತಪ್ಪೇ. ಗೇಟ್ ದಾಟೋಕೆ ಮುಂಚೆನೇ ತೋಟದ ರೈಟರ್ (ತೋಟದ ಲೆಕ್ಕ, ಆಳುಗಳನ್ನ ನೋಡ್ಕೊಳ್ಳೋನು) ಮತ್ತೆ ಕಾವಲಿನವ್ರು ಹಿಡಿದ್ರು. ಹುಡುಗನಿಗೆ ಆಗ ಹದಿನಾರು ತುಂಬಿ ಕೆಲವೇ ತಿಂಗಳಾಗಿತ್ತು.

ಠಾಣೆಯಲ್ಲಿ ಮೊದ್ಲು ವಯಸ್ಸು ಹತ್ತೊಂಬತ್ತು ಅಂತ ಬರ್ಕೊಂಡಿದ್ರು. ಹುಡುಗ ನೋಡೋಕೆ ಎತ್ತರ, ಮೀಸೆ ಬೇರೆ ಬಂದಿತ್ತು. ಅಕ್ಕ ಬೆಳಿಗ್ಗೆನೇ ಸ್ಕೂಲಿಗೆ ಓಡಿ ಹುಟ್ಟಿದ ತಾರೀಕಿನ ಸರ್ಟಿಫಿಕೇಟ್ ತಂದ್ಳು, ಆಮೇಲೆನೇ ಹದಿನೆಂಟು ತುಂಬದವ್ರ ಕೇಸ್ ನೋಡೋ ಮಡಿಕೇರಿಯ ಬಾಲ ನ್ಯಾಯ ಮಂಡಳಿಗೆ ಕಳ್ಸಿದ್ದು. ಇದನ್ನ ನೆನಪಿಟ್ಕೊಳ್ಳಿ, ವಯಸ್ಸಿಗೆ ಮೊದ್ಲು ಸ್ಕೂಲ್ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನೋಡ್ತಾರೆ, ಅದಿಲ್ಲ ಅಂದ್ರೆ ಪಂಚಾಯ್ತಿ ಅಥವಾ ಮುನ್ಸಿಪಾಲ್ಟಿಯ ಜನನ ಪತ್ರ, ಎರಡೂ ಇಲ್ಲದಿದ್ರೆ ಮಾತ್ರ ಮೂಳೆ ಪರೀಕ್ಷೆ. 2015ರ ಬಾಲ ನ್ಯಾಯ ಕಾಯ್ದೆ 94ನೇ ಸೆಕ್ಷನ್ ಅದು.

ಮಂಡಳಿ ಅಂದ್ರೆ ನಾವು ಸಿನಿಮಾದಲ್ಲಿ ನೋಡೋ ಕೋರ್ಟ್ ಅಲ್ಲ. ಕಟಕಟೆ ಇಲ್ಲ, ಒಂದು ಮೇಜು, ಮ್ಯಾಜಿಸ್ಟ್ರೇಟ್ ಜೊತೆ ಇಬ್ರು ಸಮಾಜ ಕಾರ್ಯಕರ್ತರು ಸದಸ್ಯರಾಗಿ ಕೂತಿರ್ತಾರೆ, ಅದರಲ್ಲಿ ಒಬ್ರಾದ್ರೂ ಹೆಂಗಸರು ಇರಲೇಬೇಕು. ಕರ್ಕೊಂಡು ಬರೋ ಪೊಲೀಸ್ನೋರು ಯೂನಿಫಾರ್ಮ್ ಹಾಕೋ ಹಾಗಿಲ್ಲ, ಕೈಗೆ ಕೋಳ ಹಾಕೋ ಹಾಗಿಲ್ಲ. ಆ ಮೇಡಂ ಹುಡುಗನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಮನೆಯಲ್ಲಿ ಯಾರ್ಯಾರಿದೀರಾ, ಅಪ್ಪ ಯಾವಾಗ ಹೋದ್ರು, ಸ್ಕೂಲು ಯಾಕೆ ಬಿಟ್ಟೆ ಅಂತ ಕೇಳ್ತಾ ಕೇಳ್ತಾ ಅವನೇ ಎಲ್ಲ ಬಾಯ್ಬಿಟ್ಟ. ಕೊನೆಗೆ ಬುದ್ಧಿ ಹೇಳಿ, ಕೌನ್ಸೆಲಿಂಗಿಗೆ ಹಾಕಿ, ಅಕ್ಕನ ಹತ್ರ ಬಾಂಡ್ ಬರೆಸ್ಕೊಂಡು, ಪರಿವೀಕ್ಷಣಾಧಿಕಾರಿ ಕಣ್ಣಳತೆಯಲ್ಲಿ ಇರಬೇಕು ಅಂತ ಆರ್ಡರ್ ಆಯ್ತು. ಆ ವರ್ಷದೊಳಗೇ ಮುಗೀತು. ಹೊರಡೋವಾಗ ಆ ಮೇಡಂ ಅಕ್ಕನಿಗೆ "ಇದು ಇಲ್ಲಿಗೆ ಮುಗೀತಮ್ಮ, ಮುಂದಕ್ಕೆ ಇವನ ಜೀವನಕ್ಕೆ ಇದು ಅಡ್ಡ ಬರಲ್ಲ" ಅಂದಿದ್ರು. ಅಕ್ಕ ಆ ಮಾತನ್ನ ನಂಬ್ಕೊಂಡೇ ಇದ್ಳು, ಯಾಕೆ ನಂಬಬಾರದು.

ಹುಡುಗ ಸುಧಾರಿಸ್ಕೊಂಡ. ಮತ್ತೆ ಓದಿ ಐಟಿಐ ಮುಗಿಸ್ದ, ಕುಶಾಲನಗರದಲ್ಲಿ ಒಂದು ಗ್ಯಾರೇಜಲ್ಲಿ ಕೆಲಸ ಮಾಡ್ದ. 2025ರಲ್ಲಿ ಮೈಸೂರಿನ ಒಂದು ಕಂಪನಿಯಲ್ಲಿ ಮೆಂಟೆನೆನ್ಸ್ ವಿಭಾಗಕ್ಕೆ ಸೆಲೆಕ್ಟ್ ಆದ, ಪಿಎಫ್ ಇಎಸ್‌ಐ ಎಲ್ಲ ಇರೋ ಕೆಲಸ. ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಕೊಡಿ ಅಂದ್ರು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕ್ದ. ಬಂದ ಸರ್ಟಿಫಿಕೇಟಲ್ಲಿ ಮೇಲೆಲ್ಲ ಸರಿ ಇದೆ, ಹೆಸರು, ಫೋಟೋ, ವಿಳಾಸ, ಕೆಳಗೆ ಷರಾ ಅಂತ ಒಂದು ಕಾಲಂ, ಅಲ್ಲಿ "ಸದರಿಯವರ ಮೇಲೆ ಠಾಣೆಯಲ್ಲಿ 2017ರಲ್ಲಿ ಕಳವು ಪ್ರಕರಣ ದಾಖಲಾಗಿದ್ದು, ಬಾಲ ನ್ಯಾಯ ಮಂಡಳಿಯಲ್ಲಿ ಇತ್ಯರ್ಥವಾಗಿರುತ್ತದೆ" ಅಂತ ಒಂದು ಸಾಲು. ಒಂದೇ ಸಾಲು. ಕಂಪನಿಯವ್ರು ಜಾಯಿನಿಂಗ್ ತಡೆಹಿಡಿದ್ರು, ಕಾರಣ ಬರವಣಿಗೆಯಲ್ಲಿ ಕೊಡಲೇ ಇಲ್ಲ, ಫೋನಲ್ಲಿ ಮಾತ್ರ ಹೇಳಿದ್ರು.

ಠಾಣೆಗೆ ಹೋಗಿ ಕೇಳಿದ್ರೆ ಅಲ್ಲಿದ್ದವ್ರು "ನಾವೇನು ಸುಳ್ಳು ಬರ್ದಿಲ್ವಲ್ಲ, ಇತ್ಯರ್ಥ ಆಗಿದೆ ಅಂತಾನೇ ಹಾಕಿದೀವಿ, ನಿಮಗೆ ಒಳ್ಳೇದೇ ಆಯ್ತಲ್ಲ" ಅಂದ್ರು. ಅವರು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ ಅಂತ ನಂಗೆ ಈಗ್ಲೂ ಅನ್ಸುತ್ತೆ, ಆದ್ರೆ ಸಮಸ್ಯೆ ಇರೋದೇ ಅಲ್ಲಿ. ಇತ್ಯರ್ಥ ಆಯ್ತು ಅಂತ ಬರೆದ್ರೂ ಕೇಸ್ ಇತ್ತು ಅಂತ ಹೇಳ್ದಂಗೇ ಆಯ್ತು. ಕಾನೂನು ಹೇಳೋದು ಇತ್ಯರ್ಥ ಆಯ್ತು ಅಂತ ಬರೀರಿ ಅಂತಲ್ಲ, ಏನೂ ಬರೀಬೇಡಿ ಅಂತ.

ಆಗ ನಾನು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ದುಡ್ಡಿಲ್ಲದವ್ರಿಗೆ ಫ್ರೀ ವಕೀಲರನ್ನ ಕೊಡೋ ಜಾಗ ಅದು, ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಕೊಡ್ತಾರೆ, ನಮ್ಮ ಹುಡುಗನಿಗೆ ಆದಾಯ ಕಮ್ಮಿ ಅಂತ ಕೊಟ್ರು. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ನಮಗೆ ಸಿಕ್ಕಿದ್ದು ಒಬ್ರು ಚಿಕ್ಕ ವಯಸ್ಸಿನ ಲಾಯರ್ ಮೇಡಂ, ಷರಾ ಓದಿದ ತಕ್ಷಣ "ಇದು ಬರೆಯೋ ಹಾಗೇ ಇಲ್ಲ" ಅಂದ್ರು. ಅವರು ಹೇಳಿದ್ದನ್ನ ನನಗೆ ಅರ್ಥ ಆದಂಗೆ ಹೇಳ್ತೀನಿ.

ಕಾಯ್ದೆಯ 74ನೇ ಸೆಕ್ಷನ್ನಿನ ಎರಡನೇ ಉಪವಿಭಾಗ, ಕ್ಯಾರೆಕ್ಟರ್ ಸರ್ಟಿಫಿಕೇಟಿಗಾಗಲಿ ಬೇರೆ ಯಾವುದಕ್ಕಾಗಲಿ, ಮುಗಿದ ಕೇಸಲ್ಲಿ ಮಗುವಿನ ದಾಖಲೆಯನ್ನ ಪೊಲೀಸರು ಹೊರಗೆ ಕೊಡಬಾರದು ಅನ್ನುತ್ತೆ. 2021ರ ತಿದ್ದುಪಡಿ ಆದ್ಮೇಲೆ ನಡೀತಿರೋ ಕೇಸಿಗೂ ಇದು ಅನ್ವಯ. ಹುಡುಗ ಈಗ ದೊಡ್ಡವನಾಗಿದಾನೆ ಅನ್ನೋದು ಲೆಕ್ಕಕ್ಕೆ ಬರಲ್ಲ, ಘಟನೆ ನಡೆದ ದಿನ ಹದಿನೆಂಟು ತುಂಬಿರಲಿಲ್ಲ ಅಂದ್ರೆ ಸಾಕು. ಇನ್ನು 24ನೇ ಸೆಕ್ಷನ್. ಈ ಕಾಯ್ದೆ ಕೆಳಗೆ ಕೇಸ್ ಮುಗಿಸ್ಕೊಂಡ ಮಗುವಿಗೆ, ಬೇರೆ ಕಾನೂನಲ್ಲಿ ಶಿಕ್ಷೆ ಆದವ್ರಿಗೆ ಬರೋ ಅನರ್ಹತೆ ಯಾವುದೂ ಬರಲ್ಲ, ಜೊತೆಗೆ ದಾಖಲೆ ನಾಶ ಮಾಡಿ ಅಂತ ಮಂಡಳಿಯೇ ಪೊಲೀಸರಿಗೆ ಆದೇಶ ಕೊಡಬೇಕು. ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ 14ನೇ ನಿಯಮ ಇದಕ್ಕೆ ಗಡುವು ಹಾಕುತ್ತೆ, ಅಪೀಲಿನ ಅವಧಿ ಮುಗಿಯೋವರೆಗೆ ಅಥವಾ ಏಳು ವರ್ಷ, ಅದಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ನಮ್ಮದು 2017ರದ್ದು, ಏಳು ವರ್ಷವೂ ದಾಟಿ ಹೋಗಿತ್ತು.

ಒಂದು ವಿನಾಯಿತಿ ಇದೆ, ಅದನ್ನ ಮುಚ್ಚಿಟ್ರೆ ಅರ್ಧ ಸತ್ಯ ಹೇಳ್ದಂಗೆ. ಹದಿನಾರು ದಾಟಿದವನು ಕೊಲೆ, ಅತ್ಯಾಚಾರದಂಥ ಘೋರ ಅಪರಾಧ ಮಾಡಿ, ಅವನನ್ನ ದೊಡ್ಡವರಂಗೇ ವಿಚಾರಣೆ ಮಾಡಬೇಕು ಅಂತ ಆಗಿ ಮಕ್ಕಳ ನ್ಯಾಯಾಲಯದಲ್ಲಿ ತಪ್ಪು ಸಾಬೀತಾದ್ರೆ ಈ ರಕ್ಷಣೆ ಸಿಗಲ್ಲ, ದಾಖಲೆ ಕೋರ್ಟಲ್ಲೇ ಉಳಿಯುತ್ತೆ. 2012ರ ದೆಹಲಿ ಘಟನೆ ನಂತರ ಬಂದ ಬದಲಾವಣೆ ಅದು. ನಮ್ಮದು ಕಣದಿಂದ ಮಾಡಿದ ಕಳವು, ಆಗಿನ ಐಪಿಸಿ 379, ಮೂರು ವರ್ಷದವರೆಗಿನ ಶಿಕ್ಷೆ, ಕಾಯ್ದೆ ಲೆಕ್ಕದಲ್ಲಿ ಸಣ್ಣ ಅಪರಾಧ.

ಹಾಗಾದ್ರೆ ಹೆಸರು ಸಿಕ್ಕಿದ್ದೆಲ್ಲಿಂದ? ಇದನ್ನ ಕಂಡುಹಿಡಿಯೋಕೇ ನಮಗೆ ಜಾಸ್ತಿ ಟೈಮ್ ಹೋಯ್ತು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಕ್ಕಳ ಸಣ್ಣಪುಟ್ಟ ಕೇಸಲ್ಲಿ ಸಾಮಾನ್ಯವಾಗಿ ಎಫ್‌ಐಆರ್ ಮಾಡೋ ಹಾಗೇ ಇಲ್ಲ, ಠಾಣೆ ಡೈರಿಯಲ್ಲಿ ಬರ್ಕೊಂಡು, ಮಗುವಿನ ಮನೆ ಪರಿಸ್ಥಿತಿ ಬಗ್ಗೆ ಒಂದು ವರದಿ ಮಾಡಿ ಮಂಡಳಿಗೆ ಕಳ್ಸಬೇಕು. ಆದ್ರೆ ದೊಡ್ಡವರ ಜೊತೆ ಸೇರಿ ಮಾಡಿದ್ದು ಅಂತ ಆರೋಪ ಇದ್ರೆ ಎಫ್‌ಐಆರ್ ಆಗುತ್ತೆ. ನಮ್ಮ ಕೇಸಲ್ಲಿ ಆ ಡ್ರೈವರ್ ಇದ್ನಲ್ಲ, ಹಾಗಾಗಿ ಎಫ್‌ಐಆರ್ ಆಯ್ತು, ಡ್ರೈವರ್ ಎ1, ಅಂದ್ರೆ ಒಂದನೇ ಆರೋಪಿ, ಹುಡುಗರು ಎ2 ಎ3. ದೊಡ್ಡವರನ್ನೂ ಮಕ್ಕಳನ್ನೂ ಒಟ್ಟಿಗೆ ವಿಚಾರಣೆ ಮಾಡೋ ಹಾಗಿಲ್ಲ ಅಂತ ಡ್ರೈವರ್ ಕೇಸ್ ಬೇರೆ ಮಾಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಯ್ತು, ಹುಡುಗರದ್ದು ಮಂಡಳಿಗೆ. ಮಂಡಳಿಯ ಫೈಲ್ ಗುಟ್ಟಾಗೇ ಇತ್ತು, ಅಲ್ಲಿಂದ ಒಂದು ಹಾಳೆನೂ ಹೊರಗೆ ಬಂದಿಲ್ಲ. ಆದ್ರೆ ಎಫ್‌ಐಆರ್ ಒಂದೇ, ಅದರಲ್ಲಿ ಮೂರೂ ಹೆಸರು, ತಂದೆ ಹೆಸರು, ಊರಿನ ಸಮೇತ ಕಂಪ್ಯೂಟರ್ ಒಳಗೆ ಕೂತಿದೆ, ವೆರಿಫಿಕೇಶನಿಗೆ ಅಂತ ಹೆಸರು ಹಾಕಿ ಹುಡುಕಿದ್ರೆ ಬಂದ್ಬಿಡುತ್ತೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂಗೆ. ಮಗನ ಕೇಸಲ್ಲಿ ದೊಡ್ಡವರು ಯಾರಾದ್ರೂ ಇದ್ರು ಅಂದ್ರೆ ದಯವಿಟ್ಟು ಇದನ್ನ ಮೊದ್ಲು ನೋಡ್ಕೊಳ್ಳಿ.

ಲಾಯರ್ ಮೇಡಂ ಮಂಡಳಿಗೆ ಒಂದು ಅರ್ಜಿ ಹಾಕಿದ್ರು. ಮೊದ್ಲು ಹಳೇ ಆದೇಶದ ದೃಢೀಕೃತ ನಕಲು ಬೇಕಿತ್ತು, ನಮ್ಮ ಹತ್ರ ಇರಲಿಲ್ಲ, ಅದನ್ನ ಮಂಡಳಿಗೇ ಕಾಪಿ ಅರ್ಜಿ ಕೊಟ್ಟು ತಗೊಂಡ್ವಿ. ಯಾರೋ ಒಬ್ರು ಆರ್‌ಟಿಐ ಹಾಕಿ ಅಂದ್ರು, ಮೇಡಂ ಬೇಡವೇ ಬೇಡ ಅಂದ್ರು, ಗುಟ್ಟಾಗಿರಬೇಕಾದ್ದು ಇನ್ನೊಂದು ಆಫೀಸಿನ ಟೇಬಲ್ ಮೇಲೆ ಹೋಗಿ ಬೀಳುತ್ತೆ ಅಷ್ಟೇ. ಅರ್ಜಿಯಲ್ಲಿ ಕೇಳಿದ್ದು ಮೂರು: 24ರ ಪ್ರಕಾರ ಠಾಣೆಯಲ್ಲಿರೋ ದಾಖಲೆ ನಾಶ ಮಾಡೋಕೆ ಆದೇಶ, ಆ ಷರಾ ತೆಗೆದು ಹೊಸ ಸರ್ಟಿಫಿಕೇಟ್, ಮುಂದೆ ಯಾವ ವೆರಿಫಿಕೇಶನಲ್ಲೂ ಇದನ್ನ ಬರೀಬಾರದು ಅಂತ ಎಸ್‌ಪಿ ಆಫೀಸಿಗೆ ಸೂಚನೆ.

ಮಳೆಗಾಲ. ಮಾದಾಪುರ ದಾರಿಯಲ್ಲಿ ಬಸ್ಸು ಯಾವಾಗ ಬರುತ್ತೋ ಯಾವಾಗ ನಿಲ್ಲುತ್ತೋ ಗೊತ್ತಿಲ್ಲ, 2018ರಲ್ಲಿ ಆ ಕಡೆ ಗುಡ್ಡ ಕುಸಿದಿದ್ದು ಎಲ್ರಿಗೂ ನೆನಪಿದೆ, ಜೋರು ಮಳೆ ಬಂದ್ರೆ ಅಕ್ಕ ಹೋಗ್ಬೇಡ ಅಂತಿದ್ಳು. ನಾನು ಸುಂಟಿಕೊಪ್ಪ ಮೇಲೆ ಸುತ್ತಿ ಹೋಗ್ತಿದ್ದೆ. ಮಂಡಳಿ ಠಾಣೆಯಿಂದ ವರದಿ ಕೇಳ್ತು, ವರದಿ ಬರಲಿಲ್ಲ, ಮತ್ತೆ ಕೇಳ್ತು. ಬಂದ ವರದಿಯಲ್ಲಿ ಎ1 ಕೇಸ್ ಇನ್ನೂ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಬಾಕಿ ಇದೆ, ಹಾಗಾಗಿ ಎಫ್‌ಐಆರ್ ನಾಶ ಮಾಡೋಕಾಗಲ್ಲ ಅಂತಿತ್ತು. ನಿಜ ಹೇಳ್ಬೇಕಂದ್ರೆ ಅದರಲ್ಲಿ ನ್ಯಾಯ ಇತ್ತು. ಡ್ರೈವರ್ ಮೇಲಿನ ಕೇಸಿಗೆ ಎಫ್‌ಐಆರೇ ಬುಡ, ಅದನ್ನ ಸುಟ್ರೆ ಮೆಣಸು ಕಳ್ಕೊಂಡವ್ರಿಗೆ ಅನ್ಯಾಯ, ಅವರೂ ಸಣ್ಣ ಬೆಳೆಗಾರರೇ, ವರ್ಷದ ಬೆವರು ಅದು.

ವಿಚಾರಣೆ ದಿನ ಹುಡುಗನೂ ಬಂದಿದ್ದ. ಆ ಹಳೇ ಸದಸ್ಯರು ಯಾರೂ ಇರಲಿಲ್ಲ, ಹೊಸಬರು. ಹಿರಿಯ ಸದಸ್ಯರೊಬ್ರು ಅವನನ್ನ "ಈಗ ಏನ್ ಮಾಡ್ತಿದೀಯಪ್ಪ" ಅಂತ ಕೇಳಿದ್ರು. ಅವನು ಗ್ಯಾರೇಜಿನ ಕೆಲಸ ಹೇಳ್ದ, ಕೆಲಸ ತಪ್ಪಿದ್ದು ಹೇಳ್ದ, ಆಮೇಲೆ ಯಾರೂ ಕೇಳದೇನೇ "ಸಾರ್, ನಾನು ಮಾಡಿಲ್ಲ ಅಂತ ಹೇಳ್ತಿಲ್ಲ, ಅದಕ್ಕೆ ನೀವು ಹೇಳಿದ್ದೆಲ್ಲ ಮಾಡಿ ಮುಗಿಸಿದೀನಿ, ಇನ್ನೂ ಎಷ್ಟು ಸಲ ಮುಗಿಸಬೇಕು" ಅಂದ. ಅವನು ಅಷ್ಟು ಮಾತಾಡಿದ್ದು ನಾನು ನೋಡಿದ್ದೇ ಕಮ್ಮಿ. ಲಾಯರ್ ಮೇಡಂ 2019ರ ನವೆಂಬರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನ ತೋರಿಸಿದ್ರು, ಕೇಂದ್ರದ ಪೊಲೀಸ್ ಪಡೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆ ಆಗಿದ್ದವ್ರಿಗೆ ಬಾಲ್ಯದ ಕೇಸ್ ನೆಪ ಹೇಳಿ ನೌಕರಿ ಕೊಡದೇ ಇದ್ದದ್ದು ಸರಿಯಲ್ಲ, ಬಾಲಕನಾಗಿದ್ದಾಗ ತಪ್ಪು ಸಾಬೀತಾಗಿದ್ರೂ ಆ ಕಳಂಕ ಅಳಿಸಿ ಹೋಗಬೇಕು ಅನ್ನೋದೇ ಈ ಕಾನೂನಿನ ಉದ್ದೇಶ ಅಂತ ಅದರಲ್ಲಿದೆ. ಪೊಲೀಸ್ ಕೆಲಸಕ್ಕೇ ಅಡ್ಡಿ ಇಲ್ಲ ಅಂದ್ಮೇಲೆ ಮೋಟಾರ್ ರಿಪೇರಿ ಮಾಡೋ ಕೆಲಸಕ್ಕೆ ಯಾಕೆ ಅಡ್ಡಿ.

ಆದೇಶ ಬಂತು. ಹುಡುಗರಿಗೆ ಸಂಬಂಧಪಟ್ಟು ಠಾಣೆಯಲ್ಲಿರೋ ಪ್ರತ್ಯೇಕ ದಾಖಲೆ, ಹೇಳಿಕೆ, ಫೋಟೋ ಎಲ್ಲ ನಾಶ ಮಾಡಿ ವರದಿ ಕೊಡಬೇಕು, ಎಫ್‌ಐಆರ್ ಉಳಿಯಲಿ ಆದ್ರೆ ವೆರಿಫಿಕೇಶನಿಗೆ ಅದನ್ನ ಬಳಸಬಾರದು, ಷರಾ ಇಲ್ಲದ ಸರ್ಟಿಫಿಕೇಟ್ ಕೊಡಬೇಕು. ಎಸ್‌ಪಿ ಆಫೀಸಿಗೆ ಆದೇಶದ ಕಾಪಿ ಮುಚ್ಚಿದ ಲಕೋಟೆಯಲ್ಲೇ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡ್ವಿ. ಅಲ್ಲಿ ತಗೊಂಡ ಸಿಬ್ಬಂದಿ ಬಹಳ ಚೆನ್ನಾಗಿ ನಡ್ಕೊಂಡ್ರು, ಬೇರೆಯವ್ರ ಮುಂದೆ ತೆರೆದು ಓದಲಿಲ್ಲ, ಅದನ್ನ ಇಲ್ಲಿ ಹೇಳಲೇಬೇಕು. ಹೊಸ ಸರ್ಟಿಫಿಕೇಟಲ್ಲಿ ಷರಾ ಕಾಲಂ ಖಾಲಿ.

ಇನ್ನೊಂದು ವಾಟ್ಸಾಪ್ ಸಂಗತಿ. 2017ರಲ್ಲೇ ಯಾರೋ ಮೂವರನ್ನೂ ಚೀಲಗಳ ಮುಂದೆ ನಿಲ್ಲಿಸಿ ತೆಗೆದ ಫೋಟೋ ಊರಿನ ಗ್ರೂಪಲ್ಲಿ ಓಡಾಡಿತ್ತು, ಹುಡುಗರ ಮುಖ ಮುಚ್ಚಿರಲಿಲ್ಲ. ಈ ಗಲಾಟೆ ಶುರುವಾದ್ಮೇಲೆ ಅದು ಮತ್ತೆ ಎದ್ದು ಬಂತು. 74ನೇ ಸೆಕ್ಷನ್ ಪತ್ರಿಕೆ ಟಿವಿಗೆ ಮಾತ್ರ ಅಂತ ಜನ ಅಂದ್ಕೊಂಡಿದಾರೆ, ಅದರಲ್ಲಿ ಬೇರೆ ಯಾವುದೇ ಸಂಪರ್ಕ ಮಾಧ್ಯಮ ಅಂತಾನೂ ಸೇರ್ಸಿದೆ, ಮಗುವಿನ ಹೆಸರು, ವಿಳಾಸ, ಸ್ಕೂಲು, ಫೋಟೋ ಯಾವುದನ್ನೂ ಹಾಕೋ ಹಾಗಿಲ್ಲ, ಹಾಕಿದ್ರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಗ್ರೂಪಿನ ಅಡ್ಮಿನ್ ನನಗೆ ಗೊತ್ತಿರೋರೇ, ಮನೆಗೆ ಹೋಗಿ ಕಾಫಿ ಕುಡೀತಾ ಸೆಕ್ಷನ್ ತೋರಿಸ್ದೆ, ತಕ್ಷಣ ತೆಗೆದ್ರು, ಬೇರೆಯವ್ರಿಗೂ ತೆಗೆಯೋಕೆ ಹೇಳಿದ್ರು. ಎಷ್ಟು ಫೋನಲ್ಲಿ ಉಳಿದಿದೆಯೋ. ನಂಗೆ ಬೇಜಾರಾಗೋದು ಇದೇ, ಯಾವ ಮಂಡಳಿ ಆದೇಶನೂ ಊರಿನವರ ಗ್ಯಾಲರಿ ಒಳಗೆ ಹೋಗಿ ಅಳಿಸಲ್ಲ, ಅದನ್ನ ನಾವೇ ಅಳಿಸಬೇಕು. ನಿಮ್ಮ ಫೋನಲ್ಲಿ ಯಾವುದೋ ಊರಿನ ಯಾವುದೋ ಹುಡುಗನ ಇಂಥ ಫೋಟೋ ಇದ್ರೆ ಇವತ್ತೇ ಡಿಲೀಟ್ ಮಾಡಿ, ಫಾರ್ವರ್ಡ್ ಮಾಡಿದವ್ರಿಗೂ ಹೇಳಿ.

ಫಾರಂಗಳ ಬಗ್ಗೆ ಬಹಳ ಜನ ಕೇಳ್ತಾರೆ, "ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ಇತ್ತೇ" ಅನ್ನೋ ಪ್ರಶ್ನೆಗೆ ಏನು ಬರೀಬೇಕು ಅಂತ. ಇದಕ್ಕೆ ನಾನು ಉತ್ತರ ಹೇಳಲ್ಲ, ವಕೀಲರನ್ನ ಕೇಳದೇ ಬರೀಬೇಡಿ ಅಂತಷ್ಟೇ ಹೇಳ್ತೀನಿ. ಮುಖ್ಯವಾಗಿ ಸರ್ಕಾರಿ ನೌಕರಿ, ಸೇನೆ ಫಾರಂ ಆದ್ರೆ. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ರು ಮಿಲಿಟರಿಗೆ ಹೋಗೋರು, ಇದು ಬೇರೆ ಕಡೆಗಿಂತ ನಮಗೆ ಜಾಸ್ತಿ ಬೇಕಾಗೋ ವಿಷಯ. ಮಾಹಿತಿ ಮುಚ್ಚಿಟ್ರು ಅನ್ನೋ ಕಾರಣಕ್ಕೇ ಕೆಲಸ ಹೋಗೋದರ ಬಗ್ಗೆ 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ತೀರ್ಪು ಕೊಟ್ಟಿದೆ, ಅದು ಬೇರೆ, ಬಾಲ ನ್ಯಾಯ ಕಾಯ್ದೆಯ ರಕ್ಷಣೆ ಬೇರೆ, ಎರಡನ್ನೂ ಜೊತೆಗಿಟ್ಟು ನೋಡಿ ನಿಮ್ಮ ಫಾರಂಗೆ ಏನು ಸರಿ ಅಂತ ಹೇಳೋದು ವಕೀಲರ ಕೆಲಸ.

ಮೈಸೂರಿನ ಕೆಲಸ ಹೋಯ್ತು, ಅಷ್ಟರಲ್ಲಿ ಬೇರೆಯವ್ರನ್ನ ತಗೊಂಡಿದ್ರು. ಆ ಒಂದು ಸಾಲಿಗೆ ಹುಡುಗ ಕೊಟ್ಟ ಬೆಲೆ ಅದು, ವಾಪಸ್ ಕೊಡೋರು ಯಾರೂ ಇಲ್ಲ. ಈಗ ಹುಣಸೂರಲ್ಲಿ ಬೇರೆ ಕಡೆ ಸೇರಿದಾನೆ, ಅಲ್ಲೂ ವೆರಿಫಿಕೇಶನ್ ಕೇಳಿದ್ರು, ಹೊಸ ಸರ್ಟಿಫಿಕೇಟ್ ಕೊಟ್ಟ, ಯಾರೂ ಏನೂ ಕೇಳಲಿಲ್ಲ. ಮಂಡಳಿ ಆದೇಶದ ಒಂದು ಕಾಪಿ ಅಕ್ಕನ ಬೀರುವಲ್ಲಿದೆ, ಮುಂದೆ ಯಾವತ್ತಾದ್ರೂ ಷರಾ ಮತ್ತೆ ಬಂದ್ರೆ ತೋರ್ಸೋಕೆ ಅಂತ ಲಾಯರ್ ಮೇಡಂ ಇಟ್ಕೊಳ್ಳಿ ಅಂದಿದಾರೆ.

ಇನ್ನೂ ಒಂದು ಕೆಲಸ ಬಾಕಿ. ಡ್ರೈವರ್ ಕೇಸಿನ ತೀರ್ಪು ಬಂದ್ರೆ ಅದರಲ್ಲಿ ಎ2 ಎ3 ಅಂತ ಹುಡುಗರ ಹೆಸರು ಬರೋ ಸಾಧ್ಯತೆ ಇದೆ, ಅದು ಆನ್‌ಲೈನಲ್ಲಿ ಯಾರಿಗೆ ಬೇಕಾದ್ರೂ ಸಿಗುತ್ತೆ. ಹೆಸರಿನ ಬದಲು ಬರೀ ಅಕ್ಷರ ಹಾಕಿ ಅಂತ ಆ ಕೋರ್ಟಿಗೆ ಅರ್ಜಿ ಕೊಟ್ಟಿದೀವಿ, ಇನ್ನೊಬ್ಬ ಹುಡುಗನ ಮನೆಯವ್ರನ್ನೂ ಸೇರಿಸ್ಕೊಂಡು. ಮುಂದಿನ ತಾರೀಕಿಗೆ ಸರ್ಕಾರಿ ವಕೀಲರು ಆಕ್ಷೇಪಣೆ ಇದ್ರೆ ಹೇಳ್ಬೇಕು.